ಐದು ಕಾಲಿನ ಎತ್ತು

ಪ್ರಭುಲಿಂಗನ ದಿನ ಕೆಟ್ಟದ್ದು ಮೊಬೈಲಿಗೆ ಬಂದ ನಾಲ್ಕು ಸಾಲಿನಿಂದ. ಬಂದದ್ದು ಹಿಂದಿನ ಸಂಜೆ; ಅವನು ನೋಡಿದ್ದು ಬೆಳಿಗ್ಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡು.

"ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಪ್ರತಿ ಮಗುವೂ ತಾನೇ ಮಾಡಿದ ಒಂದು ಎತ್ತು ತೆಗೆದುಕೊಂಡು ಮಧ್ಯಾಹ್ನ ಮೂರಕ್ಕೆ ಬರಲಿ. ಹಿರಿಯರು ಸುಮ್ಮನೆ ಗಮನಿಸಿ. ನಿಮ್ಮ ಬೆರಳು ಮಣ್ಣಿಗೆ ತಾಗದಿರಲಿ."

ಕಳಿಸಿದವರು 'ಮೊಳಕೆ' ಶಾಲೆಯ ಸುನಿತಾ ಅಕ್ಕ. ದಿನಕ್ಕೆ ಹತ್ತು ತಾಸು ಮಗ್ಗಕ್ಕೆ ಕೂತರೂ ಬರದ ಬೆನ್ನುನೋವು ಪ್ರಭುಲಿಂಗನಿಗೆ ಈ ಶಾಲೆಯ ಒಂದು ಸಂದೇಶ ಓದಿದರೆ ಬರುತ್ತಿತ್ತು.

ಶಾಲೆ ಇದ್ದದ್ದು ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಗೆ ಹತ್ತಿ, ಬೇವಿನ ಮರದ ಕೆಳಗಿನ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಬೆಂಚಿಲ್ಲ, ಪಾಟಿ ಇಲ್ಲ, ಟೀಚರ್ ಅನ್ನುವ ಮಾತೂ ಇಲ್ಲ, ಕಲಿಸುವವರೆಲ್ಲ ಅಕ್ಕಂದಿರು. ಮಕ್ಕಳು ಮಣ್ಣಲ್ಲಿ ಆಡುತ್ತವೆ, ಹುಳ ಹಿಡಿಯುತ್ತವೆ, ನಿದ್ದೆ ಬಂದರೆ ಅಲ್ಲೇ ಉರುಳುತ್ತವೆ. ಕಷ್ಟವೆಲ್ಲ ಹಡೆದವರಿಗೆ. ಮಕ್ಕಳಿಗೆ 'ಬ್ಯಾಡ' ಅನ್ನಬಾರದು. 'ಶಾಬಾಶ್' ಅಂತಲೂ ಅನ್ನಬಾರದು, ಅದು ಲಂಚ ಕೊಟ್ಟ ಹಾಗಂತೆ. ಸಿಟ್ಟು ಬಂದರೆ ಮೂರು ಸಲ ಉಸಿರೆಳೆದು ಬಿಟ್ಟು, 'ನಿನ್ನೊಳಗೆ ಈಗ ಏನಾಗ್ತಾ ಇದೆ?' ಎಂದು ಮಗುವನ್ನು ಕೇಳಬೇಕು. ಪ್ರಭುಲಿಂಗ ಮೊದಲ ಸಲ ಓಣಿಯಲ್ಲಿ ನಿಂತು ಹೀಗೆ ಉಸಿರೆಳೆದಾಗ ಎದುರು ಮನೆಯವರು ದಮ್ಮಿನ ಔಷಧ ತಂದು ಕೊಟ್ಟಿದ್ದರು.

ಅವನ ಮನೆಯ ಮೇಲೆ ಆಗಲೇ ಎರಡು ತಕರಾರು ಇದ್ದವು. ಅವನ ತಾಯಿ ರತ್ನಾಬಾಯಿ ಮೊಮ್ಮಗಳಿಗೆ ಕದ್ದು ಅ ಆ ಇ ಈ ಕಲಿಸಿದ್ದು ಮೊದಲನೆಯದು. ಎರಡನೆಯದು ಅವನದೇ. ಮಗಳು ಪ್ರೀತಿ ಶಾಲೆಯ ಬಾಗಿಲಲ್ಲಿ ಎರೆಹುಳ ಬಾಯಿಗೆ ಹಾಕಿಕೊಳ್ಳಲು ಹೋದಾಗ ಅವನು "ಏ ಬ್ಯಾಡಬೇ!" ಎಂದು ಬೇವಿನ ಮರದ ಕಾಗೆಗಳೆಲ್ಲ ಹಾರುವ ಹಾಗೆ ಒದರಿದ್ದ. ಸುನಿತಾ ಅಕ್ಕ ಬೈಯಲಿಲ್ಲ. ಅವರು ಯಾರನ್ನೂ ಬೈಯುವುದಿಲ್ಲ. ಮೈಸೂರು ಕಡೆಯ ಮೆತ್ತನೆಯ ಕನ್ನಡದಲ್ಲಿ, "ಇನ್ನೊಂದು ಸಲ ಹೀಗಾದರೆ ನೀವು ಇನ್ನೂ ಸಿದ್ಧರಾಗಿಲ್ಲ ಅಂತ ಅರ್ಥ. ಪ್ರೀತಿಯ ಜಾಗಕ್ಕೆ ಬೇರೆ ಮಗು ಕಾಯ್ತಾ ಇದೆ" ಎಂದಿದ್ದರು. ಅದರ ಬದಲು ಎರಡು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಹೋದರೆ ಹೋಗಲಿ, ಊರಲ್ಲಿ ಶಾಲೆಗೇನು ಬರವೇ ಅನ್ನುವಂತಿರಲಿಲ್ಲ. ಹೋದ ವರ್ಷ ಪ್ರೀತಿಯನ್ನು ಒಂದು ಇಂಗ್ಲಿಷ್ ಶಾಲೆಗೆ ಹಾಕಿ ನೋಡಿದ್ದರು. ಟೈ, ಬೂಟು, ಹೋಂವರ್ಕು. ಮೂರೂವರೆ ವರ್ಷದ ಕೂಸು ಒಂದು ತಿಂಗಳಲ್ಲಿ ಮಾತು ಬಿಟ್ಟಿತು. ಬೆಳಿಗ್ಗೆ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ಪಡಸಾಲೆಯ ಮಗ್ಗದ ಕುಣಿಗೆ ಇಳಿದು, ನೇಯುವವರು ಕಾಲು ಇಳಿಬಿಡುವ ಆ ಕತ್ತಲಲ್ಲಿ ಮೊಣಕಾಲಿಗೆ ಗದ್ದ ಹಚ್ಚಿ ಮುದುಡಿ ಕೂಡುತ್ತಿತ್ತು. ಅಲ್ಲಿಂದ ಅದನ್ನು ಎಳೆದು ತೆಗೆದು ವ್ಯಾನಿಗೆ ಹಾಕುವ ಪಾಪದ ಕೆಲಸ ಪ್ರಭುಲಿಂಗನದಾಗಿತ್ತು. ಮೊಳಕೆಗೆ ಸೇರಿಸಿದ ವಾರದೊಳಗೆ ಅದೇ ಕೂಸು ಕಿವಿತನಕ ಕೆಸರು ಮೆತ್ತಿಕೊಂಡು ಹಾಡುತ್ತ ಮನೆಗೆ ಬಂತು. ಆ ಹಾಡು ನಿಲ್ಲಬಾರದು, ಅಷ್ಟೇ ಅವನಿಗೆ ಬೇಕಾದದ್ದು. ಅದಕ್ಕಾಗಿ ಮೂರಲ್ಲ, ಮುನ್ನೂರು ಸಲ ಉಸಿರೆಳೆಯಲೂ ಅವನು ತಯಾರಿದ್ದ.

ಹೆಂಡತಿ ಶಿವಗಂಗಾ ಹುನಗುಂದದ ಒಂದು ಸಹಕಾರಿ ಸಂಘದಲ್ಲಿ ಕ್ಲಾರ್ಕ್. ಅಲ್ಲಿ ಅಮಾವಾಸ್ಯೆಗೆ ರಜೆ ಇಲ್ಲ. ಬಸ್ಸಿಗೆ ಹೊರಟವಳು ಹೊಸ್ತಿಲಲ್ಲಿ ನಿಂತು ಮತ್ತೊಮ್ಮೆ ಎಚ್ಚರಿಸಿದಳು.

"ನೋಡ್ರಿ, ಕೂಸು ತಾನ ಮಾಡಲಿ. ಎತ್ತಾರ ಆಗಲಿ, ಎಮ್ಮ್ಯಾರ ಆಗಲಿ, ನೀವು ಮುಟ್ಟಬ್ಯಾಡ್ರಿ. ನಿಮ್ಮವ್ವನ್ನ ಒಂದೀಟು ಕಾಯ್ರಿ."

"ಕೂಸಿನ್ನ ಕಾಯಲ್ಯೋ, ಅವ್ವನ್ನ ಕಾಯಲ್ಯೋ?"

"ಇಬ್ಬರನ್ನೂ. ಸಿಟ್ಟು ಬಂದ್ರ ಉಸಿರು ತಗೋರಿ."

ಉಳಿದ ದಿನವಾಗಿದ್ದರೆ ಇದೇನು ಮಹಾ ಕೆಲಸವಾಗಿರಲಿಲ್ಲ. ಆದರೆ ಅಮಾವಾಸ್ಯೆಯ ದಿನ ಆ ಓಣಿಯಲ್ಲಿ ಯಾರೂ ಮಗ್ಗಕ್ಕೆ ಕೂಡುವುದಿಲ್ಲ. ಬೇರೆ ದಿನ ಲಾಳಿಯ ಸಪ್ಪಳದಲ್ಲಿ ಪಕ್ಕದ ಮನೆಯಲ್ಲಿ ಮದುವೆಯಾದರೂ ಕೇಳಿಸದು. ಅಮಾವಾಸ್ಯೆಗೆ ಮಾತ್ರ ಎಲ್ಲರ ಕಣ್ಣು, ಕಿವಿ, ಬಾಯಿ ಪೂರಾ ಖಾಲಿ. ಖಾಲಿ ಕೂತ ನೇಕಾರ ಇನ್ನೊಬ್ಬರ ಮನೆಯ ಗಂಟು ಬಿಡಿಸಲು ಬರುತ್ತಾನೆ ಅನ್ನುವುದು ಆ ಓಣಿಯ ಅನುಭವ.

ಪೂಜೆಗೆಂದು ರತ್ನಾಬಾಯಿ ತರಿಸಿದ್ದ ಎರೆಮಣ್ಣಿನ ಮುದ್ದೆಯಲ್ಲಿ ಒಂದು ಹೋಳು ಮುರಿದು ಪ್ರೀತಿ ಪಡಸಾಲೆಯಲ್ಲಿ ಕೂತಳು. ಪ್ರಭುಲಿಂಗ ಕೈ ಹಿಂದೆ ಕಟ್ಟಿಕೊಂಡು ಕಾವಲು ನಿಂತ. ರತ್ನಾಬಾಯಿ ಹೋಳಿಗೆಯ ಹೂರಣ ರುಬ್ಬುತ್ತ ಒಳಗಿಂದಲೇ ಶುರು ಮಾಡಿದಳು.

"ಮಣ್ಣಾಗ ಆಡೂದು ಕಲಸಾಕ ಒಂದು ಸಾಲಿ! ನೀ ಸಣ್ಣಾಂವಿದ್ದಾಗ ತಿಂದಷ್ಟು ಮಣ್ಣು ಆ ಸಾಲ್ಯಾಗ ಇರಾಕಿಲ್ಲ. ಬಾಗಲಕೋಟಿ ಸೋಮಲಿಂಗನ ಮಗ ನೋಡು, ಇದರ ವಯಸ್ಸಿಂದ ಅದು. ಇಂಗ್ಲೀಷಿನ್ಯಾಗ ಮಗ್ಗಿ ಹೇಳತೈತಿ. ನಿನ್ನ ಮಗಳು ಹುಳದ ಕೂಡ ಮಾತಾಡತಾಳ."

"ಮಾತಾಡತಾಳಲ್ಲಬೇ, ಅಷ್ಟ ಸಾಕು" ಎಂದ ಪ್ರಭುಲಿಂಗ.

ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಪ್ರೀತಿಯ ಎತ್ತು ತಯಾರಾಯಿತು. ಅದನ್ನು ಎತ್ತು ಅಂತ ಅವಳೇ ಹೇಳಿದ್ದರಿಂದ ತಿಳಿಯಿತು. ಬಾಯಿಗೆ ಬಂದ 'ಶಾಬಾಶ್' ನುಂಗಿಕೊಂಡು, ಕಲಿಸಿಕೊಟ್ಟ ಹಾಗೆ ಪ್ರಭುಲಿಂಗ, "ನೀ ಎತ್ತು ಮಾಡೀದಿ" ಎಂದ.

"ಹೂಂ. ನಾನ ಹೇಳಿದ್ನಲ್ಲ" ಎಂದಳು ಪ್ರೀತಿ.

"ಐದು ಕಾಲು ಅದಾವಲ್ಲವ್ವಾ."

"ಒಂದು ಬಾಲ ಅಪ್ಪಾ. ನೆಲಾ ಮುಟ್ಟಬೇಕು. ಇಲ್ಲಂದ್ರ ಎತ್ತು ಹಿಂದ ಬೀಳತೈತಿ."

ಅಷ್ಟರಲ್ಲಿ ಫೋನು ಬಂತು. ಶಿವಗಂಗಾ. ಪಡಸಾಲೆಯಲ್ಲಿ ಮಾತು ಕಡಿದು ಕಡಿದು ಬರುತ್ತಿದ್ದುದರಿಂದ ಅವನು ಮಾಳಿಗೆ ಹತ್ತಿದ. ಕೂಸು ಮಾಡಿತೇ, ನೀವು ಮುಟ್ಟಲಿಲ್ಲ ಹೌದೇ, ಉಸಿರು ತಗೊಂಡಿರೇ ಎಂದೆಲ್ಲ ಕೇಳಿ ಮುಗಿಸುವಷ್ಟು ಹೊತ್ತಿಗೆ ಕೆಳಗೆ ಆಗಬಾರದ್ದು ಆಗಿತ್ತು. ಎತ್ತಿಗೆ ಎರಡು ಉದ್ದ ಕೊಂಬು ಮೂಡಿದ್ದವು. ಕಣ್ಣಿನ ಜಾಗದಲ್ಲಿ ಎರಡು ಕುಸುಬಿ ಕಾಳು.

"ಯವ್ವಾ! ಏನ್ ಮಾಡಿದಿ ಬೇ?"

"ಕೊಂಬಿಲ್ಲದ ಎತ್ತು ಪೂಜಿಗೆ ಬರತೈತೇನೋ? ಒಂದೀಟ ಹಚ್ಚೇನಿ. ಯಾರಿಗೆ ತಿಳಿತೈತಿ?"

"ಆಕೀಗೆ ತಿಳಿತೈತಿ! ಆ ಅಕ್ಕಾಗ ಮಣ್ಣಿನ ವಾಸನಿ ಮ್ಯಾಲ ತಿಳಿತೈತಿ!"

ಮೂರು ಸಲ ಉಸಿರೆಳೆದು ಪ್ರಭುಲಿಂಗ ಬಲು ಹುಷಾರಿಯಿಂದ ಒಂದು ಕೊಂಬನ್ನು ಕೀಳಲು ಹೋದ. ಕೊಂಬು ಗಟ್ಟಿಯಿತ್ತು, ಕುತ್ತಿಗೆ ಮೆತ್ತಗಿತ್ತು. ತಲೆಯೇ ಕೈಗೆ ಬಂತು.

ಸರಿಯಾಗಿ ಆಗಲೇ ಶಿವಲಿಂಗಪ್ಪ ಮಾಸ್ತರು ಒಳಗೆ ಬಂದರು. ಸರಕಾರಿ ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಓಣಿಯಲ್ಲಿ ಎಲ್ಲಾದರೂ ಒಂದು ಮಗು ಏನನ್ನಾದರೂ ಕಲಿಯುತ್ತಿದೆ ಎಂದು ಗೊತ್ತಾದರೆ ಅವರು ಕರೆಯದೆ ಬರುತ್ತಿದ್ದರು. ಚಾಳೀಸು ಮೂಗಿನ ಮೇಲೆ ಏರಿಸಿ ರುಂಡವಿಲ್ಲದ ಎತ್ತನ್ನು ನೋಡಿದರು.

"ಪ್ರಭುಲಿಂಗಾ, ರುಂಡ ಆಮ್ಯಾಲ ಹಚ್ಚೂಣು. ಮೊದಲು ಕಾಲು ಎಣಸು. ಐದು! ಎತ್ತು ಚತುಷ್ಪಾದಿ ಪ್ರಾಣಿ. ಸಣ್ಣವರಿದ್ದಾಗ ತಪ್ಪು ತಿದ್ದದಿದ್ದರ ದೊಡ್ಡವರಾದ ಮ್ಯಾಲ ಹಂಗ ಉಳಿತೈತಿ."

"ಮಾಸ್ತರ, ಮುಟ್ಟಬ್ಯಾಡ್ರಿ, ಅದು ಬಾಲ..." ಎನ್ನುವುದರೊಳಗೆ ಮಾಸ್ತರು ಎರಡು ಬೆರಳಿನಿಂದ ಐದನೆಯ ಕಾಲನ್ನು ತೆಗೆದೇಬಿಟ್ಟರು. ಎತ್ತು ಒಂದು ಕ್ಷಣ ವಿಚಾರ ಮಾಡಿದಂತೆ ನಿಂತು, ಹಿಂದಕ್ಕೆ ಕುಂತು, ಹಾಗೇ ಅಂಗಾತ ಬಿತ್ತು. ಪ್ರೀತಿ ಹೇಳಿದ್ದು ಖರೆಯಾಯಿತು.

"ಮಣ್ಣು ಹಸಿ ಐತಿ" ಎಂದು ಮಾಸ್ತರು ತೀರ್ಪು ಕೊಟ್ಟು, ರತ್ನಾಬಾಯಿ ಕೊಟ್ಟ ಹೋಳಿಗೆ ಕಟ್ಟಿಸಿಕೊಂಡು ಹೊರಟು ನಿಂತರು.

ಪ್ರೀತಿ ಮೂವರನ್ನೂ ಒಬ್ಬೊಬ್ಬರಂತೆ ನೋಡಿದಳು. ಅಳಲಿಲ್ಲ. ಪ್ರಭುಲಿಂಗ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ನಿನ್ನೊಳಗ ಈಗ ಏನಾಗಾಕತ್ತೈತಿ?"

"ಏನೂ ಇಲ್ಲ."

"ಇನ್ನೊಂದು ಎತ್ತು ಮಾಡ್ತೀಯೇನು?"

"ಇಲ್ಲಿ ಒಲ್ಲೆ. ನೀವು ಭಾಳ ಮಂದಿ ಅದೀರಿ" ಎಂದವಳೇ, ಕೈಗೆ ಮೆತ್ತಿದ ಮಣ್ಣನ್ನು ಒರೆಸಿಕೊಳ್ಳದೆ ಕಟ್ಟೆಗೆ ಹೋದಳು. ಅಲ್ಲಿ ಪಕ್ಕದ ಮನೆಯ ಮಲಕಪ್ಪ ತನ್ನ ಪೂಜೆಯ ಜೋಡಿ ಎತ್ತು ಮಾಡುತ್ತ ಕೂತಿದ್ದ. ಮಲಕಪ್ಪ ಓಣಿಯಲ್ಲೇ ಮಾತು ಕಡಿಮೆಯ ಮುದುಕ. ಅಮಾವಾಸ್ಯೆಯಲ್ಲೂ ಬಾಯಿ ಬಿಡದವನು ಅವನೊಬ್ಬನೇ.

'ಏನೂ ಇಲ್ಲ' ಅನ್ನುವ ಆ ಮಾತು ಪ್ರಭುಲಿಂಗನಿಗೆ ಗುರುತಿನದು. ಹೋದ ವರ್ಷ ಮಾತು ನಿಲ್ಲುವ ಮೊದಲು ಕೂಸು ಆಡುತ್ತಿದ್ದದ್ದು ಅದೊಂದೇ. ಮತ್ತೆ ಒತ್ತಾಯ ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಖಾಲಿ ಕೈಯಲ್ಲಿ ಹೋದರೆ ಅಕ್ಕ ಕೇಳುತ್ತಾರೆ, ಎತ್ತು ಎಲ್ಲಿ ಅಂತ. ಅವ್ವ ಕೊಂಬು ಹಚ್ಚಿದಳು, ನಾನು ತಲೆ ಕಿತ್ತೆ, ಮಾಸ್ತರು ಕಾಲು ಮುರಿದರು ಎಂದರೆ ಮೂರನೆಯದಷ್ಟೇ ಅಲ್ಲ, ನಾಲ್ಕು ಐದನೆಯ ತಕರಾರೂ ಒಟ್ಟಿಗೇ ಬೀಳುತ್ತವೆ. ಉಳಿದದ್ದು ಒಂದೇ ದಾರಿ.

ಉಳಿದ ಮಣ್ಣನ್ನು ಪಂಜೆಯ ಚುಂಗಿನಲ್ಲಿ ಕಟ್ಟಿಕೊಂಡು ಪ್ರಭುಲಿಂಗ ಮಗ್ಗದ ಕುಣಿಗೆ ಇಳಿದ. ಅಮಾವಾಸ್ಯೆಯ ದಿನ ಮನೆಯಲ್ಲಿ ಯಾರ ಕಣ್ಣೂ ಬೀಳದ ಜಾಗ ಅದೊಂದೇ.

ಕೂಸು ಮಾಡಿದಂಥ ಎತ್ತು ಮಾಡುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಮೊದಲನೆಯದು ಎತ್ತಿನ ಹಾಗೇ ಆಯಿತು. ಮುದ್ದೆ ಮಾಡಿದ. ಎರಡನೆಯದು ಅದಕ್ಕಿಂತ ಚೆಲುವಾಯಿತು. ಹುಟ್ಟಿದಾಗಿನಿಂದ ಎಳೆ ತಪ್ಪಬಾರದು, ದಡಿ ಸೊಟ್ಟಾಗಬಾರದು ಎಂದು ಬಡಿಸಿಕೊಂಡು ಕಲಿತ ಕೈ. ಇವತ್ತು ಸೊಟ್ಟಗೆ ಮಾಡು ಎಂದರೆ ಅದು ಕೇಳೀತೇ? ಕೊನೆಗೆ ಎಡಗೈಯಿಂದ ಮಾಡಿದ. ಅದೂ ಸಾಲದೆ ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಕೈಯಲ್ಲಿ ಐದು ಕಾಲಿನ, ಕುತ್ತಿಗೆ ಸೊಟ್ಟಾದ, ನೋಡಿದವರಿಗೆ ಅಯ್ಯೋ ಅನಿಸುವ ಒಂದು ಮುದ್ದೆ ಇತ್ತು. ಬೆರಳ ಗುರುತು ಮಾತ್ರ ದೊಡ್ಡವು. ಅವನ್ನು ಸವರಿ ಅಳಿಸಿ, ನೂಲು ಸುತ್ತುವ ಕಂಡಿಕೆಯ ತುದಿಯಿಂದ ಅಲ್ಲಲ್ಲಿ ಸಣ್ಣ ಸಣ್ಣ ಕುಳಿ ಒತ್ತಿದ. ತನ್ನ ಕೆಲಸಕ್ಕೆ ತಾನೇ ಬೆರಗಾದ.

"ಪ್ರಭ್ಯಾ, ಅಮಾಸಿ ದಿನಾ ಮಗ್ಗದ ಕುಣ್ಯಾಗ ಏನ್ ಮಾಡಾಕತ್ತೀಯೋ?" ರತ್ನಾಬಾಯಿ ಮೇಲಿಂದ ಬಗ್ಗಿ ಕೇಳಿದಳು.

"ಏನೂ ಇಲ್ಲಬೇ" ಎಂದ ಪ್ರಭುಲಿಂಗ.

ಮೇಲೆ ಬಂದು ಕಟ್ಟೆಗೆ ಹೋದರೆ ಮಲಕಪ್ಪ ಊಟಕ್ಕೆ ಎದ್ದು ಹೋಗಿದ್ದ. ಬಿಸಿಲಿಗೆ ಒಣಗಲು ಇಟ್ಟ ಎತ್ತುಗಳು ಮೂರು. ಎರಡು ದೊಡ್ಡವು, ಒಂದು ಸಣ್ಣದು. ಸಣ್ಣದಕ್ಕೂ ಹೆಗಲಲ್ಲಿ ಉಬ್ಬಿದ ಹಿಣಿಲು, ಬಾಗಿದ ಕೊಂಬು, ಬೆನ್ನ ಮೇಲೆ ಹೊದಿಸಿದ ಗೆರೆ ಗೆರೆಯ ಝೂಲ. 'ಹುಡುಗಿ ಸಮಾಧಾನಕ್ಕೆ ಅಂತ ಈ ಕಾಕಾನೂ ಒಂದು ಮಾಡಿಕೊಟ್ಟನಲ್ಲಪ್ಪ' ಎಂದು ಪ್ರಭುಲಿಂಗ ಹಣೆ ಚಚ್ಚಿಕೊಂಡು, ಸಣ್ಣೆತ್ತನ್ನು ತುಳಸಿ ಕುಂಡದ ಹಿಂದೆ ಸರಿಸಿ ಮುಚ್ಚಿಟ್ಟ.

"ಅಪ್ಪಾ, ನಂದು..." ಎಂದಳು ಪ್ರೀತಿ.

ಆಗಲೇ ಬಾಬುಸಾಬನ ಆಟೋ ಬಂದು ಹಾರ್ನ್ ಹೊಡೆಯುತ್ತಿತ್ತು. ಪ್ರಭುಲಿಂಗ ಕಲಿಸಿಕೊಟ್ಟಂತೆ ಮಗಳ ಮುಂದೆ ಮೊಣಕಾಲೂರಿ, ಕಣ್ಣಲ್ಲಿ ಕಣ್ಣಿಟ್ಟು, "ನಿನಗ ಏನೋ ಹೇಳಬೇಕು ಅನಸಾಕತ್ತೈತಿ. ನನಗ ತಿಳಿತೈತಿ" ಎಂದ.

"ತಿಳಿತೈತೇನು?"

"ತಿಳಿತೈತವ್ವಾ. ನಡಿ, ಆಟೋ ಹತ್ತು."

ಬಾಬುಸಾಬ ಕನ್ನಡಿಯಲ್ಲಿ ಮತ್ತೆ ಮತ್ತೆ ಹಿಂದೆ ನೋಡುತ್ತ ಆಟೋ ಓಡಿಸಿದ. ಕೊನೆಗೆ ತಡೆಯಲಾಗಲಿಲ್ಲ.

"ಪ್ರಭುಲಿಂಗಣ್ಣ, ಸಾಲ್ಯಾಗ ಅಡಿಗಿ ಐತೇನ್ರಿ ಇವತ್ತ? ಬದನೀಕಾಯಿ ತಗೊಂಡು ಹೊಂಟೀರಿ."

"ಎತ್ತು ಅದು."

"ಪಾಪ" ಎಂದ ಬಾಬುಸಾಬ, ಮುಂದಿನ ತಗ್ಗನ್ನು ಬಹಳ ನಿಧಾನವಾಗಿ ದಾಟಿಸಿದ.

ಬೇವಿನ ಮರದ ಕೆಳಗೆ ಉದ್ದನ್ನ ಹಲಗೆ ಹಾಕಿ, ಅದರ ಮೇಲೆ ಎತ್ತುಗಳನ್ನು ಸಾಲಾಗಿ ಇಡಿಸಿದ್ದರು. ಮಕ್ಕಳು ಹಗ್ಗದ ಜೋಕಾಲಿಗೆ ಓಡಿದವು. ತಂದೆತಾಯಿಗಳು ನೆರಳಲ್ಲಿ ನಿಂತು, ಸೋತ ಮುಖ ಹೊತ್ತು, ಒಬ್ಬರ ಮುಂದೊಬ್ಬರು ಕಷ್ಟ ಸುಖ ತೋಡಿಕೊಂಡರು.

"ಇಲ್ಲಿಗೆ ಬಂದ ಮ್ಯಾಲ ನಮ್ಮಾಂವ ಮಂದೀನ್ನ ಕಡಿಯೂದು ಬಿಟ್ಟಾನ್ರಿ" ಎಂದಳು ಒಬ್ಬ ತಾಯಿ, ಸಂತೋಷದಿಂದ.

"ಹೌದ್ರೀ? ನಮ್ಮಾಂವ ಇಲ್ಲಿಗೆ ಬಂದ ಮ್ಯಾಲ ಕಡಿಯೂದು ಕಲತಾನ್ರಿ" ಎಂದ ಗ್ರಾನೈಟ್ ಅಂಗಡಿಯ ಯಮನೂರ. "ಏನರ ಅಂದ್ರ, ಅಪ್ಪಾ ಉಸಿರು ತಗೋ ಅಂತಾನ. ಮನ್ಯಾಗ ಮಂದಿ ಬಂದಾಗ ಎಲ್ಲಿ ಮಾರಿ ಇಡಬೇಕು ತಿಳಿಯೂದಿಲ್ಲ. ಖರೆ ಹೇಳಬೇಕಂದ್ರ, ರಾತ್ರಿ ಚೊಲೊ ಮಲಗತಾನ. ಅದಕ್ಕ ಬಿಡಿಸಾಕ ಮನಸು ಬರೂದಿಲ್ಲ."

ಸುನಿತಾ ಅಕ್ಕ ಹಲಗೆಯ ಗುಂಟ ಮೆಲ್ಲಗೆ ನಡೆದು ಬಂದರು. ಹಲಗೆಯ ತುಂಬ ಬದನೆಕಾಯಿ, ಗೆಣಸು, ಮುರಿದ ಮೆಣಸಿನಕಾಯಿ. ಪ್ರಭುಲಿಂಗನ ಮುದ್ದೆಯ ಮುಂದೆ ಅವರು ನಿಂತರು. ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದರು. ಕಣ್ಣಲ್ಲಿ ನೀರಿತ್ತು.

"ಎಲ್ಲರೂ ಇದನ್ನು ನೋಡಿ. ಈ ಸಣ್ಣ ಬೆರಳಿನ ಗುರುತು ನೋಡಿ. ಸೊಟ್ಟ ಕುತ್ತಿಗೆಯಲ್ಲಿ ಎಷ್ಟು ಧೈರ್ಯ ಇದೆ! ಹಿರಿಯರ ಕೈ ಇದನ್ನು ಸೋಕಿಯೇ ಇಲ್ಲ. ಈ ಮನೆಯವರು ಇವತ್ತು ಎಷ್ಟು ಸುಮ್ಮನಿದ್ದಿರಬೇಕು! ಪ್ರಭುಲಿಂಗ ಅವರೇ, ನಿಮ್ಮ ಬಗ್ಗೆ ನನಗೆ ಇದ್ದ ಅನುಮಾನ ಹೋಯಿತು."

ಪ್ರಭುಲಿಂಗ ತಲೆ ತಗ್ಗಿಸಿ ನಕ್ಕ. ಎರಡು ತಕರಾರಿನ ಭಾರ ಇಳಿದು ಮೈ ಹಗ್ಗ ಬಿಚ್ಚಿದಂತಾಯಿತು. ಆಗ ಜೋಕಾಲಿಯಿಂದ ಇಳಿದು ಬಂದ ಪ್ರೀತಿ ಹಲಗೆಗೆ ಗದ್ದ ಊರಿ ನೋಡಿ, "ಅದು ನಂದಲ್ಲ" ಎಂದಳು. "ನಂದು ಮನ್ಯಾಗ ಐತಿ."

"ಹಂಗಂದ್ರ ಏನಂದ್ರ..." ಎಂದು ಪ್ರಭುಲಿಂಗ ಬಾಯಿ ತೆರೆದ. ಮುಂದಿನ ಮಾತು ಹುಟ್ಟುವ ಮೊದಲೇ ಶಾಲೆಯ ಬಾಗಿಲಿಗೆ ಮಲಕಪ್ಪನ ಹಳೆಯ ಮೊಪೆಡ್ಡು ಬಂದು ನಿಂತಿತು. ಹಿಂದೆ ರತ್ನಾಬಾಯಿ, ಅವಳ ತೊಡೆಯ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಅರಿಷಿಣ ಕುಂಕುಮ ಹಚ್ಚಿದ ಸಣ್ಣೆತ್ತು.

"ಕೂಸು ಮಾಡಿದ ಎತ್ತು ಬಿಟ್ಟು ಅದೇನ್ ತಗೊಂಡು ಬಂದೀಯೋ, ಮರಗುಳಿ? ಕುಂಡದ ಹಿಂದ ಇಟ್ಟೀ, ಬೆಕ್ಕು ಉಳ್ಳಿಸಿದ್ದರ ಏನ್ ಮಾಡ್ತಿದ್ದಿ? ಪೂಜಿ ಮುಗಿಸೇನಿ, ತಗೋ" ಎಂದು ರತ್ನಾಬಾಯಿ ತಟ್ಟೆಯನ್ನು ಹಲಗೆಯ ಮೇಲಿಟ್ಟಳು.

ಸುತ್ತ ನಿಂತವರು ಬಾಯಿ ಬಿಟ್ಟು ನೋಡಿದರು. ಅಷ್ಟು ಬದನೆಕಾಯಿಗಳ ನಡುವೆ ಅದೊಂದೇ ಎತ್ತಾಗಿತ್ತು.

ಸುನಿತಾ ಅಕ್ಕ ಮಲಕಪ್ಪನ ಕಡೆ ತಿರುಗಿದರು. "ಅಜ್ಜ, ಇದನ್ನು ನೀವು ಮಾಡಿದ್ದಲ್ವಾ?"

"ನಾ ಕೈ ಹಚ್ಚಿಲ್ರಿ" ಎಂದ ಮಲಕಪ್ಪ. "ನಂದು ನಾ ಮಾಡಾಕತ್ತಿದ್ದೆ. ಆಕಿ ನೋಡಿಕೋತ ಕುಂತಳು. ಆಮ್ಯಾಲ ತನ್ನದು ತಾ ಮಾಡಿದ್ಲು. ಇಬ್ಬರೂ ಮಾತಾಡಿಲ್ಲ."

ಸುನಿತಾ ಅಕ್ಕ ಮೆತ್ತಗೆ ನಕ್ಕರು. "ನಿಮ್ಮ ಮಮತೆ ನನಗೆ ಅರ್ಥ ಆಗುತ್ತೆ ಅಜ್ಜ. ಆದರೆ ನಾಲ್ಕೂವರೆ ವರ್ಷದ ಕೈಗೆ ಇದು ಸಾಧ್ಯ ಇಲ್ಲ. ಮಕ್ಕಳ ಬಾಯಲ್ಲಿ ಸುಳ್ಳು ಹೇಳಿಸಬಾರದು."

ಪ್ರಭುಲಿಂಗ ತಟ್ಟೆಯ ಹತ್ತಿರ ಬಗ್ಗಿದ. ಮಧ್ಯಾಹ್ನ ಮುಚ್ಚಿಡುವ ಅವಸರದಲ್ಲಿ ನೋಡದೆ ಇದ್ದದ್ದು ಈಗ ಕಂಡಿತು. ಎತ್ತಿನ ಬಾಲ ಉದ್ದಕ್ಕೆ ಇಳಿದು ನೆಲ ಮುಟ್ಟಿತ್ತು, ಐದನೆಯ ಕಾಲಿನ ಹಾಗೆ. ಝೂಲದ ಗೆರೆಗಳು ಬಾಚಣಿಕೆ ಒತ್ತಿ ಮೂಡಿಸಿದವು; ನಡುವೆ ಎರಡು ಕಡೆ ಗೆರೆ ತಪ್ಪಿದ್ದವು. ಅವನ ಅವ್ವನ ಬಾಚಣಿಕೆಯಲ್ಲೂ ಎರಡು ಹಲ್ಲು ಮುರಿದಿದ್ದವು. ಎರಡು ಸಲ ಕೂಸು 'ನಂದು' ಎಂದಿತ್ತು. ತಿಳಿತೈತಿ ಎಂದು ಹೇಳಿ ಅವನು ಎರಡು ಸಲವೂ ಕೇಳಿರಲಿಲ್ಲ. ಅವನಿಗೆ ತನ್ನ ಮೇಲೆ ಹೇಸಿಗೆ ಬಂತು.

ತಲೆ ಎತ್ತಿದಾಗ ಪ್ರೀತಿ ಅಲ್ಲಿರಲಿಲ್ಲ. ಸುಳ್ಳು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಹಲಗೆಯ ಕೆಳಗೆ ನುಸುಳಿ, ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದಳು. ಆ ಮುದುಡಿದ ಬೆನ್ನನ್ನು ಅವನು ಮಗ್ಗದ ಕುಣಿಯಲ್ಲಿ ಎಷ್ಟೋ ಬೆಳಿಗ್ಗೆ ನೋಡಿದ್ದ.

ಸುಮ್ಮನಿದ್ದರೆ ಜಾಗ ಉಳಿಯುತ್ತದೆ, ಮಗಳು ಸುಳ್ಳಿಯಾಗಿ ಉಳಿಯುತ್ತಾಳೆ. ಬಾಯಿ ಬಿಟ್ಟರೆ ಜಾಗ ಹೋಗುತ್ತದೆ. ಪ್ರಭುಲಿಂಗ ಉಸಿರೆಳೆದ. ಎರಡನೆಯ ಸಲ ಎಳೆದ. ಮೂರನೆಯದರ ತನಕ ತಡೆಯಲಾಗಲಿಲ್ಲ.

"ಅಕ್ಕಾರ, ಆ ಎತ್ತು ನನ್ನ ಮಗಳ ಮಾಡ್ಯಾಳ್ರಿ. ಬೆಳಿಗ್ಗೆ ಮಾಡಿದ್ದು ಮನಿ ಮಂದೆಲ್ಲ ಸೇರಿ ಕೆಡಿಸಿದ್ವಿ. ನಿಮ್ಮ ಕೈಯಾಗಿಂದು, ಆ ಬದನೀಕಾಯಿ, ನಾ ಮಾಡೇನಿ. ಎಡಗೈಲೆ. ಕಣ್ಣು ಮುಚ್ಚಿ. ಬೆರಳ ಗುರುತು ಕಂಡಿಕಿಲೆ ಒತ್ತೇನಿ. ನೀವು ತಗದು ಹಾಕಿದ್ರೂ ಚಿಂತಿಲ್ಲ, ಕೂಸಿಗೆ ಸುಳ್ಳಿ ಅನಬ್ಯಾಡ್ರಿ."

ಸುತ್ತ ನಿಂತ ತಂದೆತಾಯಿಗಳೆಲ್ಲ ಒಮ್ಮೆಲೇ ತಮ್ಮ ತಮ್ಮ ಉಗುರು ನೋಡಿಕೊಂಡರು. ಒಂದೊಂದು ಉಗುರಿನ ಸಂದಿಯಲ್ಲೂ ಎರೆಮಣ್ಣು ಕಪ್ಪಗೆ ಕೂತಿತ್ತು. ಯಮನೂರ ಎರಡೂ ಕೈಗಳನ್ನು ಮೆಲ್ಲಗೆ ಕಿಸೆಯಲ್ಲಿ ಇಳಿಸಿದ. ಕಡಿಯುವುದು ಬಿಟ್ಟ ಹುಡುಗನ ತಾಯಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸುನಿತಾ ಅಕ್ಕ ಹಲಗೆಯ ಈ ತುದಿಯಿಂದ ಆ ತುದಿಯತನಕ ನೋಡಿದರು. ಆಮೇಲೆ ಕೈಗಳನ್ನು ನೋಡಿದರು. ಮುಖ ಬಿಳಿಚಿತು.

ಹಲಗೆಯ ಕೆಳಗಿನಿಂದ ಪ್ರೀತಿ ತಲೆ ಹೊರಗೆ ಹಾಕಿದಳು.

"ಅಕ್ಕಾ, ನಿನ್ನೊಳಗ ಈಗ ಏನಾಗಾಕತ್ತೈತಿ?"

ಸುನಿತಾ ಅಕ್ಕ ಮೂರು ಸಲ ಉಸಿರೆಳೆದರು. ಸಾಲಲಿಲ್ಲ, ಮತ್ತೆ ಮೂರು ಸಲ ಎಳೆದರು. ಆಮೇಲೆ ಮೊಣಕಾಲೂರಿ, "ನಾಚಿಕೆ ಆಗ್ತಾ ಇದೆ ಪುಟ್ಟಿ. ನಿನ್ನ ಎತ್ತು ತುಂಬಾ..." ಎಂದವರು ಹೊಗಳಬಾರದು ಎಂದು ನೆನಪಾಗಿ ತಡವರಿಸಿ, "ನಿನ್ನ ಎತ್ತು ಎತ್ತಿನ ಹಾಗಿದೆ" ಎಂದರು.

"ಹೂಂ. ಎತ್ತ ಅಲ್ಲೇನು?" ಎಂದು ಪ್ರೀತಿ ಹೊರಗೆ ಬಂದಳು.

"ಪ್ರೀತಿ ಎಲ್ಲಿಗೂ ಹೋಗೋದಿಲ್ಲ" ಎಂದು ಎದ್ದು ನಿಂತು ಸುನಿತಾ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಪ್ರಭುಲಿಂಗನ ಕಣ್ಣು ತುಂಬಿದವು. ರತ್ನಾಬಾಯಿ ತಟ್ಟೆಯೊಳಗಿನ ಎತ್ತಿಗೇ ಕೈ ಮುಗಿದಳು. "ಮಕ್ಕಳು ಸಿದ್ಧ ಇದ್ದಾರೆ. ಸಿದ್ಧ ಇಲ್ಲದವರು ನೀವು. ನಾಳೆಯಿಂದ ಪ್ರತಿ ಮನೆಯಿಂದ ಒಬ್ಬರು, ಬೆಳಿಗ್ಗೆ ಮಕ್ಕಳ ಜೊತೆಗೇ ಬಂದು ಊಟದ ಹೊತ್ತಿನ ತನಕ ಇಲ್ಲಿ ಕೂತು ಕಲೀಬೇಕು. ಮಣ್ಣಾಟದಿಂದ ಶುರು ಮಾಡೋಣ. ಪ್ರಭುಲಿಂಗ ಅವರೇ, ನೀವು ಸತ್ಯ ಹೇಳಿದಿರಿ. ನಿಮಗೆ ಮೊದಲನೇ ಸಾಲು."

"ಅಕ್ಕಾರ, ಮಗ್ಗದಾಗ ಮದುವಿ ಸೀರಿ ಐತ್ರಿ. ಬೆಳಿಗ್ಗಿ ಹೊತ್ತ ಕೈ ಓಡೂದು..." ಎಂದು ಪ್ರಭುಲಿಂಗ ಗೋಗರೆದ.

"ನಿಮ್ಮೊಳಗೆ ಏನೋ ಆಗ್ತಾ ಇದೆ. ನನಗೆ ತಿಳಿಯುತ್ತೆ" ಎಂದು ಹೇಳಿ ಸುನಿತಾ ಅಕ್ಕ ಒಳಗೆ ಹೋದರು.

"ಬಾಯಿ ಮುಚ್ಚಿಕೊಂಡು ಇರಾಕ ಆಗಲಿಲ್ಲೇನೋ ನಿನಗ?" ಎಂದು ಯಮನೂರ ಹಲ್ಲು ಕಡಿದ. ಉಳಿದವರೂ ಅವನನ್ನು ನೋಡಿದ ನೋಟ ಅದನ್ನೇ ಹೇಳುತ್ತಿತ್ತು. ಪ್ರೀತಿ ಮಾತ್ರ ಎತ್ತನ್ನು ಎದೆಗೆ ಅವಚಿಕೊಂಡು ಆಟೋದುದ್ದಕ್ಕೂ ಹಾಡುತ್ತ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಬಾಬುಸಾಬ ಬಾಗಿಲಿಗೆ ಬಂದು ಹಾರ್ನ್ ಹೊಡೆದ. ಪ್ರೀತಿ ಚೀಲ ಹಾಕಿಕೊಂಡು ತಯಾರಾಗಿದ್ದಳು. ಶಿವಗಂಗಾ ಎರಡು ಡಬ್ಬಿಯಲ್ಲಿ ಬುತ್ತಿ ಕಟ್ಟಿ, ಹೊರಡುವ ಮೊದಲು ಗಂಡನನ್ನು ಮಾಳಿಗೆಯಲ್ಲಿ, ಹಿತ್ತಲಲ್ಲಿ, ಓಣಿಯಲ್ಲಿ ಹುಡುಕಿ ಸೋತಿದ್ದಳು. ಪ್ರೀತಿ ಎಲ್ಲಿಯೂ ಹುಡುಕಲಿಲ್ಲ. ನೆಟ್ಟಗೆ ಪಡಸಾಲೆಗೆ ಹೋಗಿ, ಮಗ್ಗದ ಕುಣಿಯ ಅಂಚಿಗೆ ಕೂತು ಕೆಳಗೆ ಬಗ್ಗಿ ನೋಡಿದಳು. ಕತ್ತಲಲ್ಲಿ ಅಪ್ಪ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದ.

"ಅಪ್ಪಾ, ಸಾಲಿಗೆ ಹೊತ್ತಾತು."

"ನಾ ಒಲ್ಲೆ."

"ನಿನ್ನೊಳಗ ಈಗ ಏನಾಗಾಕತ್ತೈತಿ?"

"ಏನೂ ಇಲ್ಲ."

ಪ್ರೀತಿ ಕಣ್ಣು ಮುಚ್ಚಿ ಮೂರು ಸಲ ಉಸಿರೆಳೆದು ಬಿಟ್ಟಳು. ಆಮೇಲೆ ಅವನ ಅಂಗಿಯ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಒಳಮನೆಯಲ್ಲಿದ್ದ ಅಜ್ಜಿಯನ್ನು ಕೂಗಿದಳು.

"ಆಯೀ, ಇತ್ತ ಬಾ. ಆ ಕಡೆ ಕೈ ನೀ ಹಿಡಿ."